ಒರೆಸುಕೋಲಿನವನ ಲೆಕ್ಕ

ಉತೆನಾ ಊರಿನ ಕ್ರೀಡಾಂಗಣದಲ್ಲಿ
ಬುಟ್ಟಿಯ ಕೆಳಗಿನ ಕುರ್ಚಿ ನನ್ನದು.
ಟಿಕೆಟ್ಟಿಲ್ಲ, ಕೈಯಲ್ಲೊಂದು ಒರೆಸುಕೋಲು.
ಯಾರಾದರೂ ಬಿದ್ದರೆ ಜನ ಎದ್ದು ನಿಲ್ಲುತ್ತಾರೆ,
ನಾನು ಓಡುತ್ತೇನೆ.
ಹತ್ತು ಸೆಕೆಂಡು. ಬೆವರು ಒರೆಸಿ ವಾಪಸು.
ಟಿವಿಯಲ್ಲಿ ನನ್ನ ಬೆನ್ನನ್ನು
ಮೊಮ್ಮಗಳು ಎರಡು ಸಲ ನೋಡಿದ್ದಾಳೆ.

ಎಯ್ಮಾಂತಸ್ ಮೊದಲು ಬಿದ್ದಾಗ ಹದಿನೇಳು.
ಅಣ್ಣನ ಬೂಟು, ಒಂದು ಅಳತೆ ದೊಡ್ಡದು,
ತುದಿಗೆ ಹತ್ತಿ ತುರುಕಿತ್ತು.
ಎದ್ದವನೇ ನನ್ನ ಕೋಲಿಗೆ ಕೈಹಾಕಿ
'ಕೊಡಿ ದೇದೆ, ನಾನೇ ಒರೆಸ್ತೀನಿ' ಅಂದ.
ನಾನು ಅವನ ಯಾವ ಚಿಕ್ಕಪ್ಪನೂ ಅಲ್ಲ, ಆದರೂ ದೇದೆ.
ಇಡೀ ಊರು ನಕ್ಕಿತು. ನಾನೂ.

ಹದಿನೆಂಟಕ್ಕೆ ಒಪ್ಪಂದ.
ರುಜು ಹಾಕುವ ದಿನ ಅವನಮ್ಮ
ಹಾಲಿನ ಕಾರ್ಖಾನೆಯ ಬಿಳಿ ಟೋಪಿಯಲ್ಲೇ ಬಂದಳು,
ಪಾಳಿಯ ನಡುವಿನ ಅರ್ಧ ಗಂಟೆ.
ಸಂಬಳ ಎಷ್ಟೆಂದು ಕೇಳಲಿಲ್ಲ,
ಊಟ ಯಾರು ಹಾಕುತ್ತಾರೆ ಅಂತ ಕೇಳಿದಳು.
ಏಜೆಂಟು ನಕ್ಕ, ಫೋನು ಹಿಡಿದು ಹೊರಗೆ ಹೋದ.

ಆಮೇಲಿನ ಎರಡು ಚಳಿಗಾಲ
ಅವನು ನನಗೆ ಕೆಲಸವನ್ನೇ ಕೊಡಲಿಲ್ಲ.
ಬೆಂಚಿನ ತುದಿ, ತೊಡೆಯ ಮೇಲೆ ಟವೆಲು,
ಆಡಿ ಬಂದವರಿಗೆ ನೀರು, ಚಪ್ಪಾಳೆ.
ಪತ್ರಿಕೆಯ ಸಣ್ಣಕ್ಷರದಲ್ಲಿ:
ಎರಡು ನಿಮಿಷ. ಸೊನ್ನೆ ಅಂಕ. ಒಂದು ಫೌಲು.
ಅದನ್ನೂ ಅವನಮ್ಮ ಕತ್ತರಿಸಿ ಇಡುತ್ತಾಳಂತೆ.
ಹೇಳಿದವಳು ಅವಳ ತಂಗಿ,
ಸಂತೆಯಲ್ಲಿ ಬೀಟ್‌ರೂಟು ಆರಿಸುತ್ತಾ,
ಹೊಗಳಿದಳೋ ದೂರಿದಳೋ ತಿಳಿಯಲಿಲ್ಲ.

ನನ್ನ ಲೆಕ್ಕ ಬೇರೆ.
ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವವನು ನಾನು.
ಅರ್ಧ ದೀಪ. ಉಸಿರು ಹೊಗೆಯಾಗುವ ಚಳಿ.
ಎಡ ಮೂಲೆಯಿಂದ ಒಂದೇ ಸಮ ಚೆಂಡು,
ಸುಯ್, ಸುಯ್, ಠಣ್, ಸುಯ್.
ಅವನು ಹೋದ ಮೇಲೆ ಅಲ್ಲೊಂದು ಒದ್ದೆ,
ಮುನ್ನೂರು ಸಲ ನೆಗೆದು
ಮುನ್ನೂರು ಸಲ ಅಲ್ಲಿಗೇ ಇಳಿದವನದು.
ಯಾರೂ ಬರೆದುಕೊಳ್ಳಲಿಲ್ಲ.
ನಾನು ಒರೆಸಿದೆ.

ಮೂರನೆಯ ಚಳಿಗಾಲ
ನಮ್ಮ ಅಮೆರಿಕದವನ ಪಾದ ಉಳುಕಿ
ಇವನು ಒಳಗೆ ಬಂದ.
ಹನ್ನೊಂದು ದಿನ ಊರು ಅವನದು.
ಬೇಕರಿಯವಳು ದುಡ್ಡು ಬೇಡವೆಂದಳು,
ಪಡ್ಡೆ ಹುಡುಗರು ಅವನ ಹಾಗೇ
ಬಲಗಿವಿಯ ಮೇಲೆ ಕೂದಲು ಬೋಳಿಸಿಕೊಂಡರು.
ಹನ್ನೆರಡನೆಯ ದಿನ, ಕೌನಾಸಿನವರ ಎದುರು,
ಯಾರೂ ಮುಟ್ಟಲಿಲ್ಲ.
ನೆಗೆದ, ಇಳಿದ, ಅಷ್ಟೇ.
ಮಂಡಿ ಬೇರೆ ದಿಕ್ಕಿಗೆ ಹೋಯಿತು.
ಎರಡು ಸಾವಿರ ಜನ ಕೂತಿದ್ದೂ
ಪಾಪ್‌ಕಾರ್ನ್ ಯಂತ್ರದ ಸದ್ದು ಕೇಳಿಸಿತು.
ಅವನನ್ನು ಎತ್ತಿಕೊಂಡು ಹೋದ ಮೇಲೆ ನಾನು ಓಡಿದೆ.
ನೆಲ ಒಣಗಿಯೇ ಇತ್ತು.
ಆದರೂ ಒರೆಸಿದೆ, ಒರೆಸುತ್ತಲೇ ಇದ್ದೆ,
ರೆಫರಿ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಕಾದ.

ಒಪ್ಪಂದ ಜೂನಿನಲ್ಲಿ ಮುಗಿಯಿತು.
ಮುಗಿಯಿತೆಂದು ಯಾರೂ ಹೇಳಲಿಲ್ಲ,
ಲಾಕರಿನ ಹೆಸರಿನ ಚೀಟಿ ಕೀಳಲು ನನಗೆ ಹೇಳಿದರು.
ಗೋಂದು ಗಟ್ಟಿ. ಉಗುರು ಸವೆದರೂ ಅರ್ಧ ಉಳಿಯಿತು.
ಹೊಸಬ ಅದರ ಮೇಲೇ ತನ್ನದನ್ನು ಅಂಟಿಸಿಕೊಂಡಿದ್ದಾನೆ.

ನಿನ್ನೆ ಬಂದಿದ್ದ.
ಲಾಟ್ವಿಯಾದ ಯಾವುದೋ ತಂಡ, ಹಸಿರು ಅಂಗಿ,
ಮಂಡಿಗೆ ಕಪ್ಪು ಪಟ್ಟಿ, ವಯಸ್ಸು ಇಪ್ಪತ್ಮೂರು.
ಎಡ ಮೂಲೆಯಿಂದ ಮೂರು ಎಸೆದ, ಮೂರೂ ಸುಯ್.
ನಮ್ಮವರು ಬೈದರು, ಹೆಸರು ಹಿಡಿದು,
ಒಂದಕ್ಷರ ತಪ್ಪದೆ.

ಕೊನೆಯ ಕ್ವಾರ್ಟರಿನಲ್ಲಿ ಬಿದ್ದ. ಓಡಿದೆ.
ನನ್ನತ್ತ ನೋಡದೆಯೇ ಒಂದು ಕಾಲೆತ್ತಿದ,
ಅಡುಗೆಮನೆ ಗುಡಿಸುವಾಗ ಮಕ್ಕಳು ಎತ್ತುವ ಹಾಗೆ.
ಬೂಟು ಈಗ ಅವನ ಅಳತೆಯದೇ.
'ಮಂಡಿ?' ಅಂದೆ, ಬಗ್ಗಿದ ಹಾಗೇ.
'ಮಂಜು ಬೀಳೋ ಮುಂಚೆ ಅದಕ್ಕೆ ಗೊತ್ತಾಗತ್ತೆ, ದೇದೆ.
ಇನ್ನೊಂದು ವರ್ಷ ಕೊಟ್ಟಿದ್ದಾರೆ.'
ಕೊಟ್ಟವರು ಡಾಕ್ಟರೋ, ತಂಡದವರೋ,
ಕೇಳುವಷ್ಟರಲ್ಲಿ ಸೀಟಿ.

ಕುರ್ಚಿಗೆ ವಾಪಸಾದೆ.
ಬಟ್ಟೆ ಹಿಂಡುವುದು ಆಟ ಮುಗಿದ ಮೇಲೆ.